ಅಗಲ ಟಯರು ಮತ್ತು ಮಡ್‌ಗಾರ್ಡಿನ ಅಂಚು

ಉದ್ಯಾವರವೆಂದೊಡನೆ ನಮಗೆ ನೆನಪಾಗುವುದು ಆಳುಪರ ಶಾಸನಗಳು. ಅದೇ ಊರಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇಂದು ಅಗಲ ಟಯರು ತೊಟ್ಟ ಕಾರುಗಳನ್ನೂ ನಾವು ಕಾಣುತ್ತೇವೆ.

185 ಮಿಲಿಮೀಟರಿನ ಟಯರಿಗೆ ಬದಲಾಗಿ 205ರದನ್ನು ಹಾಕಿದರೆ ಹೆಚ್ಚುವ ಅಗಲ 20 ಮಿ.ಮೀ.; ಚಕ್ರದ ನಡುಗೆರೆ ಕದಲದಿದ್ದರೆ ಹೊರಮಗ್ಗುಲಿಗೆ ಬರುವುದು 10 ಮಾತ್ರ. ಹೊಂಡದಲ್ಲಿ ಸ್ಪ್ರಿಂಗು ಕುಗ್ಗಿದಾಗ, ಮಡ್‌ಗಾರ್ಡಿನಲ್ಲಿ ಒಳಕ್ಕೆ ಮಡಚಿದ ತಗಡಿನಂಚು ಟಯರನ್ನು ಕೊರೆಯಲು ಅಷ್ಟೇ ಸಾಕಾಗಬಹುದು. ಟಿಂಕರರು ಆ ಅಂಚಿನ ಬಣ್ಣವನ್ನು ಬಿಸಿಗಾಳಿಯಿಂದ ಮೆದುವಾಗಿಸಿ, ರೋಲರಿನಿಂದ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೊತ್ತಿ ಚಪ್ಪಟೆ ಮಾಡುವರು. ಅದು ಸಾಲದಾದಾಗ ತಗಡನ್ನೇ ಕತ್ತರಿಸಿ ಹೊರಚಾಚುವ ಪಟ್ಟಿಯನ್ನು ಜೋಡಿಸುವುದುಂಟು. ಕಡಲ ಬದಿಯಲ್ಲಿ ಇದು ದುಬಾರಿಯ ಕೆಲಸವೇ ಸರಿ: ಬಣ್ಣ ಬಿರಿದೆಡೆ ಉಪ್ಪುಗಾಳಿಯೂ ಮಳೆನೀರೂ ಹೊಕ್ಕು, ಹೊರಗೆ ಕಾಣುವ ಮೊದಲೇ ಒಳಗಿನ ತಗಡನ್ನು ತುಕ್ಕು ತಿಂದಿರುತ್ತದೆ. ಪಟ್ಟಿಯಿಲ್ಲದೆ ಹೊರಚಾಚಿದ ಟಯರಾದರೋ ಆಟಿಯ ಕೆಸರನ್ನು ಪಾದಚಾರಿಗಳ ಮೇಲೆ ಎರಚುತ್ತದೆ.

ನೋಂದಣಿಪತ್ರದ ವಿವರಗಳು ತಯಾರಕರು ಮೂಲತಃ ನಿರ್ದೇಶಿಸಿದವುಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅಂಚನ್ನು ಒಳಕ್ಕೆ ಮಡಚುವ ಮಾತು ಚರ್ಚೆಗೆ ಎಡೆಯಾದೀತು. ತಗಡು ಕತ್ತರಿಸುವುದು ನಮ್ಮ ಅಭಿಪ್ರಾಯದಲ್ಲಿ ಅವಿವೇಕ. ತಯಾರಕರೇ ಆ ಮಾದರಿಗೆ ಒಪ್ಪಿದ ಅಗಲದೊಳಗೆ ಉಳಿದರೆ ಅಂಚನ್ನು ಮುಟ್ಟುವ ಪ್ರಸಂಗವೇ ಬರದು.