ತನು ಸವೆಸಿ ಉಳಿಸಿಕೊಂಡ ಪುಟ್ಟ ರೈಲು

ಲಂಡನ್ ಮಹಾನಗರದ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ವಿಶ್ವಗುರು ಬಸವಣ್ಣನವರ ಪುತ್ಥಳಿಗೆ ನಮಿಸಿ ನಾವು ಹೊರಟದ್ದು ಯಾವುದೇ ತೀರ್ಥಕ್ಷೇತ್ರಕ್ಕಲ್ಲ. ವೇಲ್ಸ್ ನಾಡಿನ ಒಂದು ಪುಟ್ಟ ರೈಲನ್ನು ಕಾಣಲು. ಆ ದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ರೈಲುಪ್ರಿಯರು ಏರ್ಪಡಿಸಿದ್ದ ಪ್ರವಾಸವದು. ತಂಡದ ಹಿರಿಯರೊಬ್ಬರು ಬಾಲ್ಯದಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ನ್ಯಾರೋಗೇಜ್ ಗಾಡಿಯಲ್ಲಿ ಪ್ರಯಾಣಿಸಿದವರು. ಎರಡೂವರೆ ಅಡಿ ಅಗಲದ ಆ ಹಳಿ ಇಂದು ಇಲ್ಲ. ಅದರ ಸ್ಥಾನಕ್ಕೆ ಬ್ರಾಡ್‌ಗೇಜ್ ಬಂದಿದೆ. “ನಮ್ಮದಂತೂ ಹೋಯಿತು, ಇನ್ನೊಬ್ಬರು ಹೇಗೆ ಉಳಿಸಿಕೊಂಡರೋ ನೋಡೋಣ ಬನ್ನಿರಿ” ಎಂದು ನಮ್ಮನ್ನು ಹುರಿದುಂಬಿಸಿದವರು ಅವರೇ.

ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಗಾಡಿ ಬದಲಿಸಿ, ಕಡಲತೀರದ ಟವಿನ್ ಎಂಬ ಊರಿಗೆ ಬಂದಿಳಿದೆವು. ಟಾಲಿಲಿನ್ ರೈಲು ಹೊರಡುವುದು ಇಲ್ಲಿಂದಲೇ. ಹಳಿಗಳ ನಡುವಣ ಅಂತರ ಕೇವಲ ಎರಡು ಅಡಿ ಮೂರು ಅಂಗುಲ. ದಾರಿಯ ಉದ್ದ ಸುಮಾರು ಹನ್ನೆರಡು ಕಿಲೋಮೀಟರು. ಬೆಟ್ಟದ ಮೇಲಿನ ಬ್ರಿನ್ ಎಗ್ಲುಯಿಸ್ ಗಣಿಯಿಂದ ಸ್ಲೇಟುಕಲ್ಲನ್ನು, ಎಂದರೆ ನಮ್ಮ ಮಕ್ಕಳು ಹಿಂದೆ ಬಳಪ ಹಿಡಿದು ಬರೆಯುತ್ತಿದ್ದ ಪಾಟಿಯ ಕಲ್ಲನ್ನು, ಕೆಳಗೆ ತರಲು 1860ರ ದಶಕದಲ್ಲಿ ಈ ಹಳಿಯನ್ನು ಹಾಕಿದರು. ಅಲ್ಲಿ ಆ ಕಲ್ಲು ಮನೆಗಳ ಚಾವಣಿಗೆ ಒದಗುತ್ತಿತ್ತು.

ಡಬ್ಬಿಯನ್ನು ಏರುವಾಗ ನಮ್ಮ ತಂಡದ ಬಾಲಕಿಯೊಬ್ಬಳು, “ಬಾಗಿಲು ಒಂದೇ ಕಡೆ ಏಕಿದೆ?” ಎಂದು ಕೇಳಿದಳು. ಅದಕ್ಕೊಂದು ಕಥೆಯಿದೆ. 1866ರಲ್ಲಿ ಸರ್ಕಾರದ ಪರೀಕ್ಷಕರು ಬಂದು ನೋಡಿದಾಗ, ಸೇತುವೆಗಳ ಕೆಳಗೆ ಡಬ್ಬಿಗೂ ಗೋಡೆಗೂ ನಡುವೆ ಸಾಲುವಷ್ಟು ಜಾಗವಿಲ್ಲವೆಂಬುದು ಬಯಲಾಯಿತು. ಸೇತುವೆಗಳನ್ನು ಒಡೆದು ಕಟ್ಟುವ ಬದಲು ಒಂದು ಬದಿಯ ಬಾಗಿಲುಗಳನ್ನು ಕಾಯಮ್ಮಾಗಿ ಮುಚ್ಚಿ, ಸೇತುವೆಗಳ ಕೆಳಗೆ ಹಳಿಯನ್ನು ಕೊಂಚ ಪಕ್ಕಕ್ಕೆ ಸರಿಸಿದರು. ಅಂದಿನ ಆ ಪರಿಹಾರ ಇಂದಿಗೂ ನಡೆದು ಬಂದಿದೆ.

ಗಾಡಿ ಹಸಿರು ಕಣಿವೆಯಲ್ಲಿ ಏರತೊಡಗಿತು. ಎರಡೂ ಕಡೆ ಕುರಿಗಳು ಮೇಯುವ ಗುಡ್ಡಗಳು, ಹೊಗೆಯ ವಾಸನೆ, ಇಂಜಿನ್ನಿನ ಏದುಸಿರು. ಡೊಲ್ಗೋಕ್ ಎಂಬಲ್ಲಿ ಐವತ್ತೊಂದು ಅಡಿ ಎತ್ತರದ ಮೂರು ಕಮಾನುಗಳ ಸೇತುವೆಯನ್ನು ದಾಟುವಾಗ ಮಕ್ಕಳೂ ಹಿರಿಯರೂ ಒಂದಾಗಿ ಕೈಚಪ್ಪಾಳೆ ತಟ್ಟಿದೆವು.

ಈ ರೈಲು 1950ರಲ್ಲಿ ಸಾವಿನ ಅಂಚಿಗೆ ಬಂದಿತ್ತು. 1911ರಿಂದ ಇದರ ಒಡೆಯರಾಗಿದ್ದ ಸರ್ ಹೆನ್ರಿ ಹೇಡನ್ ಜೋನ್ಸ್ ಅವರು ತಾವು ಬದುಕಿರುವವರೆಗೆ ಗಾಡಿಯನ್ನು ನಿಲ್ಲಿಸುವುದಿಲ್ಲವೆಂದು ಮಾತು ಕೊಟ್ಟಿದ್ದರು, ಹಾಗೆಯೇ ನಡೆದುಕೊಂಡರು. ಗಣಿ 1946ರಲ್ಲಿ ಮುಚ್ಚಿದರೂ ಗಾಡಿ ನಿಲ್ಲಲಿಲ್ಲ. 1950ರ ಜುಲೈಯಲ್ಲಿ ಅವರು ತೀರಿಕೊಂಡಾಗ ಹಳಿಯ ಕೆಳಗಿನ ಮರದ ದಿಮ್ಮಿಗಳು ಕೊಳೆತಿದ್ದವು. ಎಷ್ಟೋ ಕಡೆ ಹಳಿಯನ್ನು ಹಿಡಿದಿಟ್ಟದ್ದು ಬೆಳೆದುನಿಂತ ಹುಲ್ಲಿನ ಬೇರು ಮಾತ್ರ. ಇದ್ದ ಎರಡು ಇಂಜಿನ್ನುಗಳಲ್ಲಿ ಓಡಬಲ್ಲದ್ದು ಒಂದೇ, 1866ರ ‘ಡೊಲ್ಗೋಕ್’.

ಆಗ ಲೇಖಕ ಎಲ್. ಟಿ. ಸಿ. ರೋಲ್ಟ್ ಅವರೂ ಅವರ ಗೆಳೆಯರೂ 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಸಭೆ ಕರೆದರು. ಅಲ್ಲಿಂದ ಹುಟ್ಟಿದ ಸಂಘವೇ ಜಗತ್ತಿನ ಮೊಟ್ಟಮೊದಲ ರೈಲು ಸಂರಕ್ಷಣಾ ಸಂಘ. 1951ರ ಮೇ 14ರಂದು ಸ್ವಯಂಸೇವಕರ ಮೊದಲ ಗಾಡಿ ಹೊರಟಿತು. ಮುಚ್ಚಿಹೋಗಿದ್ದ ನೆರೆಯ ಕಾರಿಸ್ ರೈಲಿನ ಎರಡು ಇಂಜಿನ್ನುಗಳನ್ನು ತಲಾ ಇಪ್ಪತ್ತೈದು ಪೌಂಡಿಗೆ ಕೊಂಡು ತಂದರು. ಆದರೆ ಅವುಗಳಲ್ಲೊಂದು ಪದೇ ಪದೇ ಹಳಿ ತಪ್ಪಿತು. ಸವೆದ ಹಳಿಗಳು ಅಗಲವಾಗಿ ಹರಡಿದ್ದವು. ಹಣವಿಲ್ಲ, ಸಾಮಗ್ರಿಯಿಲ್ಲ. ಇದ್ದದ್ದು ಕೈಗಳು ಮಾತ್ರ. ಆ ಕೈಗಳೇ ದಿಮ್ಮಿ ಬದಲಿಸಿದವು, ಕಳೆ ಕಿತ್ತವು, ಇಂಜಿನ್ ತಿಕ್ಕಿದವು. 1976ರಲ್ಲಿ ಪ್ರಯಾಣಿಕರ ದಾರಿಯನ್ನು ನಾಂಟ್ ಗ್ವೆರ್ನಾಲ್‌ವರೆಗೆ ಮುಂದುವರಿಸಿದವು. 2021ರಲ್ಲಿ ವಾಯವ್ಯ ವೇಲ್ಸಿನ ಸ್ಲೇಟು ಪ್ರದೇಶವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ರೈಲೂ ಅದರ ಅಂಗವಾಯಿತು.

ಮಕ್ಕಳಿಗೆ ಪ್ರಿಯವಾದ ‘ಥಾಮಸ್’ ಇಂಜಿನ್ನಿನ ಕಥೆಗಳನ್ನು ಬರೆದ ಪಾದ್ರಿ ಆಡ್ರಿ ಅವರು ಇಲ್ಲಿ ಸ್ವಯಂಸೇವಕರಾಗಿ ಗಾರ್ಡ್ ಕೆಲಸ ಮಾಡಿದ್ದರು. ಟವಿನ್ ನಿಲ್ದಾಣದ ವಸ್ತುಸಂಗ್ರಹಾಲಯದಲ್ಲಿ ಅವರ ಬರವಣಿಗೆಯ ಕೋಣೆಯನ್ನು ಮರುರೂಪಿಸಿ ಇಟ್ಟಿದ್ದಾರೆ. ಪ್ರವಚನ ಹೇಳುವ ಬಾಯಿ ಸೀಟಿ ಊದಲು ನಾಚಲಿಲ್ಲವೆಂಬುದು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು.

ಮರಳಿ ಬಂದಾಗ ಇಂಜಿನ್ನಿನ ಬಳಿ ಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದ ವೃದ್ಧರೊಬ್ಬರೊಡನೆ ಮಾತಿಗಿಳಿದೆವು. ನಿವೃತ್ತ ಶಾಲಾ ಶಿಕ್ಷಕರಂತೆ. ವರ್ಷಕ್ಕೆ ಕೆಲವು ವಾರ ಸ್ವಂತ ಖರ್ಚಿನಲ್ಲಿ ಬಂದು ದುಡಿಯುತ್ತಾರೆ. ಸಂಬಳ ಪಡೆಯುವ ನೌಕರರು ಇದ್ದರೂ ತಮ್ಮಂಥವರು ಬಾರದಿದ್ದರೆ ಗಾಡಿ ಓಡದೆಂದರು. ನಾವು ಬೆರಗಾಗಿ ಹೊಗಳಿದಾಗ ಅವರು ಸಹಜವಾಗಿ ಕೇಳಿದರು: “ನಿಮ್ಮ ಊರಿನಲ್ಲಿ ನೀವು ಏನನ್ನು ನೋಡಿಕೊಳ್ಳುತ್ತೀರಿ?”

ನಮ್ಮಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ದೇಣಿಗೆ ಕೊಟ್ಟವರು ನಮ್ಮಲ್ಲಿ ಹಲವರಿದ್ದರು. ಜೀರ್ಣೋದ್ಧಾರದ ಫಲಕದಲ್ಲಿ ಹೆಸರು ಕೆತ್ತಿಸಿಕೊಂಡವರೂ ಇದ್ದರು. ಗುದ್ದಲಿ ಹಿಡಿದವರು ಒಬ್ಬರೂ ಇರಲಿಲ್ಲ.

ಹಿಂದಿರುಗುವ ದಾರಿಯುದ್ದಕ್ಕೂ ಆ ಪ್ರಶ್ನೆ ನಮ್ಮ ಜೊತೆಗೇ ಬಂದಿತು. ಅವರು ಮಾಡುತ್ತಿರುವುದು ಕಾಯಕವೋ ದಾಸೋಹವೋ ಎಂದು ಚರ್ಚೆ ನಡೆಯಿತು. ಜೀವನೋಪಾಯಕ್ಕಾಗಿ ಸತ್ಯಶುದ್ಧವಾಗಿ ಮಾಡುವ ದುಡಿಮೆ ಕಾಯಕ. ಅದರ ಫಲವನ್ನು ಸಮಾಜಕ್ಕೆ ಅರ್ಪಿಸುವುದು ದಾಸೋಹ. ಹಾಗಾದರೆ ಆ ಶಿಕ್ಷಕರು ಪಾಠ ಹೇಳಿದ್ದು ಕಾಯಕ, ಎಣ್ಣೆ ಹಾಕುತ್ತಿರುವುದು ದಾಸೋಹ. ಶರಣರು ತನು, ಮನ, ಧನ ಮೂರನ್ನೂ ಸವೆಸಬೇಕೆಂದರು; ಮೊದಲು ಹೇಳಿದ್ದು ತನುವನ್ನು. ನಾವೋ ಕೊನೆಯದನ್ನು ಕೊಟ್ಟು ಮೊದಲಿನದನ್ನು ಉಳಿಸಿಕೊಳ್ಳುತ್ತಿದ್ದೇವೆ.

ನಮ್ಮಲ್ಲಿ ಅಂಥವರೇ ಇರಲಿಲ್ಲವೆಂದಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಹುಳುಗಳಿಗೆ ಆಹಾರವಾಗಬಹುದಾಗಿದ್ದ ವಚನಗಳು ನಮ್ಮ ಮನೆಮನೆಗಳಿಗೆ ಬಂದದ್ದು ಅಂಥವರ ತನು ಸವೆದುದರಿಂದ. ವೃದ್ಧರ ಪ್ರಶ್ನೆಗೆ ಅಲ್ಲಿಯೇ ಈ ಉತ್ತರ ಕೊಡಬಹುದಿತ್ತು. ಆದರೆ ಅದು ನಮ್ಮ ಹಿರಿಯರ ಉತ್ತರ, ನಮ್ಮದಲ್ಲ.

ಊರ ಕಲ್ಯಾಣಿಯಲ್ಲಿ ಹೂಳು ತುಂಬಿದೆ. ಮಠದ ಕಪಾಟಿನಲ್ಲಿ ಹಳೆಯ ಗ್ರಂಥಗಳು ಧೂಳು ತಿನ್ನುತ್ತಿವೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಎರಡು ದಿನ ಅಲ್ಲಿ ದುಡಿದರೆ, ಆ ವೃದ್ಧರು ಕೇಳಿದ ಪ್ರಶ್ನೆಗೆ ನಮ್ಮದೇ ಆದ ಉತ್ತರ ದೊರೆತೀತು. ನಮ್ಮ ತಂಡದ ಹಿರಿಯರು ಈ ಬಾರಿ ಸ್ವಗ್ರಾಮಕ್ಕೆ ಹೋಗುವಾಗ ಕಲ್ಯಾಣಿಯ ಕೆಲಸಕ್ಕೆ ತಾವೇ ಇಳಿಯುವುದಾಗಿ ಹೇಳಿದ್ದಾರೆ. ಬುಟ್ಟಿ ಹೊರಲು ನಾವೂ ಜೊತೆಗೆ ಬರುತ್ತೇವೆಂದು ಅವರಿಗೆ ಮಾತು ಕೊಟ್ಟಿದ್ದೇವೆ.