ಹಚ್ಚೆ ಅಂಗಡಿಯ ಹಿಂಬದಿ ಕಪಾಟು

ನಮ್ಮಜ್ಜಿಯ ಮುಂಗೈ ಮೇಲೆ ಹಚ್ಚೆ ಇತ್ತು. ನಾಲ್ಕು ಚುಕ್ಕಿ, ಸುತ್ತ ಒಂದು ಬಳ್ಳಿ, ಮಣಿಕಟ್ಟಿನ ಹತ್ತಿರ ಪುಟ್ಟ ತುಳಸಿಕಟ್ಟೆ. ಸುಗ್ಗಿ ಮುಗಿದ ಮೇಲೆ ಊರಿಗೆ ಬರುತ್ತಿದ್ದ ಕೊರವಂಜಿ ಜಗುಲಿಯ ಮೇಲೆ ಕೂರಿಸಿಕೊಂಡು ಹೊಯ್ದ ಹಚ್ಚೆ ಅದು. ಮೂರ್ನಾಲ್ಕು ಸೂಜಿಗಳನ್ನು ದಾರದಲ್ಲಿ ಬಿಗಿದು, ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲಿ ಕಲಸಿ, ನೋವು ಮರೆಯಲೆಂದು ಹಾಡು ಹೇಳುತ್ತಾ ಚುಚ್ಚಿದಳಂತೆ. ಆಮೇಲೆ ಅರಿಶಿನ ಮೆತ್ತಿದ್ದು. ‘ಸತ್ತ ಮೇಲೆ ಒಡವೆ ಬಿಚ್ಕೋತಾರೆ, ಹಚ್ಚೆ ಯಾರೂ ಬಿಚ್ಕೊಳಕ್ಕಾಗಲ್ಲ’ ಎಂದು ಅಜ್ಜಿ ಹೇಳುತ್ತಿದ್ದಳು. ಅವತ್ತು ಅದೇ ಸೂಜಿಯಲ್ಲಿ ಕೇರಿಯ ಎಷ್ಟು ಹೆಣ್ಣುಮಕ್ಕಳ ಕೈಗೆ ಬಳ್ಳಿ ಹಬ್ಬಿತೋ ಲೆಕ್ಕ ಇಟ್ಟವರಿಲ್ಲ. ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ದಾಟುವ ಕಾಯಿಲೆಗಳ ಹೆಸರನ್ನು ಆ ಕಾಲದಲ್ಲಿ ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ.

ಮೊನ್ನೆ ಅಣ್ಣನ ಮಗಳು ಅಜ್ಜಿಯ ಹಳೆಯ ಫೋಟೊ ಹಿಡಿದುಕೊಂಡು ಬಂದಳು. ‘ಅತ್ತೆ, ಇದೇ ಬಳ್ಳಿ ನನ್ನ ಕೈ ಮೇಲೂ ಬೇಕು, ಜೊತೆಗೆ ಬನ್ನಿ’ ಎಂದಳು. ಹಾಗೆ ಬೆಂಗಳೂರಿನ ಒಂದು ಟ್ಯಾಟೂ ಸ್ಟುಡಿಯೊ ಹತ್ತಿದೆ. ಮೊದಲ ಮಹಡಿಯ ಒಂದೂವರೆ ಕೋಣೆ. ಮುಂದಿನ ಗೋಡೆಯ ತುಂಬ ಹುಲಿ, ಶಿವ, ಗುಲಾಬಿ, ರೆಕ್ಕೆ. ಅಂಗಡಿಯ ಹುಡುಗ ಅವನ್ನೇ ತೋರಿಸತೊಡಗಿದ. ಸೂಜಿ ಎಲ್ಲಿಡುತ್ತೀಯಪ್ಪ ಎಂದು ಕೇಳಿದೆ. ಅವನಿಗೆ ಖುಷಿಯಾಯಿತು. ‘ಯಾರೂ ಕೇಳಲ್ಲ ಮೇಡಂ’ ಎನ್ನುತ್ತಾ ಹಿಂಬದಿಯ ಕಪಾಟು ತೆಗೆದ.

ಹಚ್ಚೆಯ ಬಗ್ಗೆ ಬರೆಯುವವರು ಚಿತ್ರಗಳ ಬಗ್ಗೆ ಬರೆಯುತ್ತಾರೆ. ನಾನು ಆ ಕಪಾಟಿನ ಬಗ್ಗೆಯೇ ಬರೆಯುತ್ತೇನೆ. ಕೈಚಳಕ ಎಷ್ಟೇ ಇರಲಿ, ಈ ಕಸುಬಿನ ಅರ್ಧ ಜೀವ ಇರುವುದು ಅಲ್ಲಿ.

ಸೂಜಿ ಚರ್ಮದ ಮೇಲ್ಪದರ ದಾಟಿ ಒಂದೆರಡು ಮಿಲಿಮೀಟರ್ ಒಳಗಿಳಿದು ಶಾಯಿ ಬಿಡುತ್ತದೆ, ನಿಮಿಷಕ್ಕೆ ಸಾವಿರಾರು ಸಲ. ಅಲ್ಲಿ ರಕ್ತನಾಳಗಳಿವೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ, ಮೇಜಿನ ಮೇಲೋ ಬಾಟಲಿಯ ಹೊರಮೈ ಮೇಲೋ, ಕನಿಷ್ಠ 7 ದಿನ ಜೀವ ಹಿಡಿದುಕೊಂಡಿರಬಲ್ಲದು. ಕಣ್ಣಿಗೆ ಕಾಣುವಷ್ಟು ರಕ್ತವೂ ಬೇಕಾಗಿಲ್ಲ. ಇದೇ ಕಾಯಿಲೆಯ ಭಯದಿಂದ ನ್ಯೂಯಾರ್ಕ್ ನಗರ 1961ರಲ್ಲಿ ಹಚ್ಚೆ ಅಂಗಡಿಗಳನ್ನು ನಿಷೇಧಿಸಿತು. ವಿದ್ಯುತ್ ಹಚ್ಚೆ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಓ’ರೈಲಿ ಅಂಗಡಿ ಇಟ್ಟಿದ್ದ ಊರು ಅದು. ಅಲ್ಲಿ ನಿಷೇಧ ತೆರವಾದದ್ದು 1997ರಲ್ಲಿ. ಅಷ್ಟೂ ವರ್ಷ ಕಸುಬುದಾರರು ಬಾಗಿಲು ಮುಚ್ಚಿಕೊಂಡು ಕದ್ದುಮುಚ್ಚಿ ಕೆಲಸ ಮಾಡಿದರು.

ಕಪಾಟಿನ ಮೇಲಿನ ಸಾಲಿನಲ್ಲಿ ಸೂಜಿಯ ಕಾರ್ಟ್ರಿಜ್‌ಗಳಿದ್ದವು. ಗುಳಿಗೆಯ ಪಟ್ಟಿಯಂಥ ಒಂದೊಂದೇ ಪೊಟ್ಟಣ. ಹಿಂಬದಿಯಲ್ಲಿ ಲಾಟ್ ಸಂಖ್ಯೆ, ಮುಗಿಯುವ ತಾರೀಖು, ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಶುದ್ಧಿ ಮಾಡಿದ ಗುರುತು. ಬೇಗ ಮುಗಿಯುವ ತಾರೀಖಿನವು ಮುಂದೆ, ಹೊಸವು ಹಿಂದೆ. ಔಷಧಿ ಅಂಗಡಿಯ ಕ್ರಮವೇ. ಒಳ್ಳೆಯ ಕಾರ್ಟ್ರಿಜ್ ಒಳಗೆ ತೆಳುವಾದ ರಬ್ಬರ್ ಪೊರೆಯೊಂದಿರುತ್ತದೆ. ರಕ್ತ ಬೆರೆತ ಶಾಯಿ ಹಿಂದಕ್ಕೆ ಹರಿದು ಯಂತ್ರದ ಹೊಟ್ಟೆ ಸೇರದಂತೆ ಅದು ತಡೆಯುತ್ತದೆ. ಪೊರೆಯಿಲ್ಲದವು ಅಗ್ಗಕ್ಕೆ ಸಿಗುತ್ತವೆ. ಅವನ್ನು ಬಳಸಿದರೆ ಸೂಜಿ ಹೊಸದಾದರೂ ಯಂತ್ರದೊಳಗೆ ನಿನ್ನೆಯ ಗಿರಾಕಿಯ ರಕ್ತ ಉಳಿದಿರಬಹುದು. ಹಣ ಉಳಿಸಲೇಬೇಕೆಂದರೆ ಬೇರೆ ಎಲ್ಲಾದರೂ ಉಳಿಸಲಿ, ಇಲ್ಲಿ ಬೇಡ.

ಹುಡುಗಿಯನ್ನು ಕೂರಿಸಿ ಅವನು ತಟ್ಟೆ ಜೋಡಿಸುವುದನ್ನು ನೋಡುತ್ತಾ ನಿಂತೆ. ಮೊದಲು ಸೋಪು ಹಾಕಿ ಮೊಣಕೈವರೆಗೆ ತೊಳೆದ. ಮೇಜು ಒರೆಸಿ, ದಂತವೈದ್ಯರು ಎದೆಗೆ ಕಟ್ಟುವಂಥ ಒಂದು ಕಡೆ ಕಾಗದ, ಒಂದು ಕಡೆ ಪ್ಲಾಸ್ಟಿಕ್ ಇರುವ ಹಾಳೆ ಹಾಸಿದ. ದೀಪದ ಹಿಡಿಗೆ, ಕುರ್ಚಿಯ ತೋಳಿಗೆ, ಸೋಪುನೀರಿನ ಬಾಟಲಿಗೆ, ಕೊನೆಗೆ ವಿದ್ಯುತ್ ಪೂರೈಸುವ ಡಬ್ಬಿಯ ಗುಂಡಿಗೂ ತೆಳು ಫಿಲ್ಮ್ ಸುತ್ತಿದ. ಯಂತ್ರಕ್ಕೊಂದು ಚೀಲ, ಅದರ ತಂತಿಗೊಂದು ತೋಳು. ಪೆಟ್ರೋಲಿಯಂ ಜೆಲ್ಲಿಯ ಡಬ್ಬಿಗೆ ಬೆರಳು ಹಾಕಲಿಲ್ಲ. ಐಸ್‌ಕ್ರೀಂ ಕಡ್ಡಿಯಂಥ ಮರದ ಕಡ್ಡಿಯಲ್ಲಿ ಬೇಕಾದಷ್ಟು ತೆಗೆದು ಹಾಳೆಯ ಮೂಲೆಗೆ ಸವರಿ, ಕಡ್ಡಿಯನ್ನು ಬುಟ್ಟಿಗೆ ಹಾಕಿದ. ಇನ್ನೊಂದಿಷ್ಟು ಬೇಕಾದರೆ ಇನ್ನೊಂದು ಕಡ್ಡಿ. ಶಾಯಿಯನ್ನು ಬೆರಳ ತುದಿಯಷ್ಟು ಚಿಕ್ಕ ಬಟ್ಟಲುಗಳಿಗೆ ಸುರಿದು ದೊಡ್ಡ ಬಾಟಲಿಗಳ ಮುಚ್ಚಳ ಬಿಗಿದ. ಉಳಿದ ಶಾಯಿ ಬಾಟಲಿಗೆ ವಾಪಸ್ ಹೋಗುವ ಮಾತೇ ಇಲ್ಲ.

ಮಧ್ಯದಲ್ಲಿ ಅವನ ಫೋನ್ ಹೊಡೆದುಕೊಂಡಿತು. ನೋಡಲಿಲ್ಲ. ಎರಡನೇ ಸಲವೂ ಹೊಡೆದುಕೊಂಡಾಗ ಕೈಗವಸು ಕಳಚಿ ಎಸೆದು, ಕೈ ತೊಳೆದು, ಮಾತಾಡಿ, ಮತ್ತೆ ಕೈ ತೊಳೆದು ಹೊಸ ಜೊತೆ ಹಾಕಿಕೊಂಡ. ಒಬ್ಬ ಗಿರಾಕಿಗೆ ನಾಲ್ಕೈದು ಜೊತೆ ಕೈಗವಸು ಹೀಗೇ ಖರ್ಚಾಗುತ್ತದೆ. ರಬ್ಬರ್ ಹಾಲಿನ ಲೇಟೆಕ್ಸ್ ಕೆಲವರಿಗೆ ಒಗ್ಗುವುದಿಲ್ಲವಾದ್ದರಿಂದ ನೈಟ್ರೈಲ್ ಕೈಗವಸು ಇಡುವುದು ಲೇಸು. ಕೂದಲು ತೆಗೆಯುವ ರೇಜರ್, ಒರೆಸುವ ಕಾಗದ ಎಲ್ಲವೂ ಒಂದೇ ಸಲದ ಬಳಕೆಯವು. ಬಟ್ಟೆಯ ಟವೆಲ್ ಕಂಡರೆ ಆ ಅಂಗಡಿಯಿಂದ ಎದ್ದು ಬನ್ನಿ.

ಕೆಳಗಿನ ಸಾಲಿನಲ್ಲಿ ದ್ರಾವಣಗಳು. ಚರ್ಮ ಒರೆಸುವ ಸ್ಪಿರಿಟ್ ಶೇ 70ರದ್ದು. ಶೇ 99ರದ್ದು ಹೆಚ್ಚು ಗಟ್ಟಿಯಲ್ಲವೇ ಎಂದು ನನಗೂ ಅನಿಸಿತ್ತು. ಆದರೆ ಕ್ರಿಮಿಯ ಪ್ರೋಟೀನು ಕೆಡಲು ನೀರಿನಂಶ ಬೇಕು, ತೀರ ಗಟ್ಟಿ ಸ್ಪಿರಿಟ್ ಬೇಗ ಆವಿಯಾಗಿ ಕೆಲಸ ಅರ್ಧಕ್ಕೆ ಬಿಡುತ್ತದೆ. ರಕ್ತ ಚೆಲ್ಲಿದ ಜಾಗಕ್ಕೆ ಶೇ 1ರ ಹೈಪೋಕ್ಲೋರೈಟ್, ಅಂದರೆ ಬ್ಲೀಚ್. ಕಲಸಿಟ್ಟರೆ ಸತ್ವ ಇಳಿಯುವುದರಿಂದ ದಿನಾ ಹೊಸದಾಗಿ ಕಲಸಬೇಕು. ಒರೆಸಿದ ಕೂಡಲೇ ಆರಿಸಬಾರದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಗಿರಾಕಿಗಳ ಸಾಲು ಇರುವ ದಿನ ಈ ಹತ್ತು ನಿಮಿಷ ಕಾಯುವುದು ಕಷ್ಟ. ಕಾಯುವವನೇ ನಂಬಿಕೆಗೆ ಅರ್ಹ.

ಇನ್ನು ಆಟೋಕ್ಲೇವ್. ಅಡುಗೆಮನೆಯ ಕುಕ್ಕರಿನ ಅಣ್ಣ ಅನ್ನಬಹುದು. ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಚಾರ್ಲ್ಸ್ ಶಾಂಬರ್ಲಾಂ 1879ರಲ್ಲಿ ರೂಪಿಸಿದ್ದು. ಬರೀ ಕುದಿಸಿದರೆ ನೀರು 100 ಡಿಗ್ರಿ ಸೆಲ್ಸಿಯಸ್ ದಾಟದು, ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಅಷ್ಟಕ್ಕೆ ಜಗ್ಗುವುದಿಲ್ಲ. ಆವಿಯನ್ನು ಒತ್ತಡದಲ್ಲಿ ಕೂಡಿಹಾಕಿದರೆ 121 ಡಿಗ್ರಿಗೆ ಏರುತ್ತದೆ. ಪೌಚಿನಲ್ಲಿಟ್ಟ ಉಪಕರಣವನ್ನು ಆ ಬಿಸಿಯಲ್ಲಿ 30 ನಿಮಿಷ ಇಡಬೇಕು. ನಿರ್ವಾತದ ಯಂತ್ರವಾದರೆ 134 ಡಿಗ್ರಿಯಲ್ಲಿ ಮೂರ್ನಾಲ್ಕು ನಿಮಿಷ ಸಾಕು. ಟ್ಯಾಟೂ ಯಂತ್ರದ ಉಕ್ಕಿನ ಹಿಡಿಕೆ ಟೊಳ್ಳು ನಳಿಗೆ. ಒಳಗಿನ ಗಾಳಿಯನ್ನು ಮೊದಲು ಹೊರಗೆಳೆಯದಿದ್ದರೆ ಆವಿ ಒಳಗೆ ಹೋಗದು. ಹಾಗಾಗಿ ಟೊಳ್ಳು ಉಪಕರಣಕ್ಕೆ ನಿರ್ವಾತದ ಯಂತ್ರವೇ ಬೇಕು. ಅದಕ್ಕೂ ಮುಂಚೆ ಉಪಕರಣವನ್ನು ಉಜ್ಜಿ ತೊಳೆದಿರಬೇಕು. ಅಂಟಿದ ರಕ್ತದ ಕೆಳಗಿರುವ ಕ್ರಿಮಿಗೆ ಆವಿ ಮುಟ್ಟುವುದಿಲ್ಲ.

ಅವನು ಒಂದು ಪೌಚ್ ನನ್ನ ಕೈಗಿಟ್ಟ. ಒಂದು ಬದಿ ಕಾಗದ, ಇನ್ನೊಂದು ಬದಿ ಪಾರದರ್ಶಕ ಹಾಳೆ, ಒಳಗೆ ಹಿಡಿಕೆ. ಅಂಚಿನಲ್ಲಿ ಬಾಣದ ಗುರುತು, ನೀಲಿಯಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಪೆನ್ನಿನಲ್ಲಿ ಬರೆದ ತಾರೀಖು. ‘ಬಣ್ಣ ತಿರುಗಿದೆಯಲ್ಲ, ಶುದ್ಧವಾಯ್ತು ಅಂತ ತಾನೆ?’ ಎಂದೆ. ‘ಇಲ್ಲ ಮೇಡಂ, ಬಿಸಿ ತಾಕಿದೆ ಅಂತಷ್ಟೇ’ ಎಂದ. ಕ್ರಿಮಿ ಸತ್ತಿದೆಯೋ ಇಲ್ಲವೋ ತಿಳಿಯಲು ಬೇರೆಯೇ ಪರೀಕ್ಷೆಯಿದೆ. ಜಿಯೋಬ್ಯಾಸಿಲಸ್ ಸ್ಟಿಯರೊಥರ್ಮಾಫಿಲಸ್ ಎಂಬ ಬಿಸಿಗೆ ಬಗ್ಗದ ಬ್ಯಾಕ್ಟೀರಿಯಾದ ಬೀಜಕಣಗಳಿರುವ ಪುಟ್ಟ ಸೀಸೆಯನ್ನು ಉಪಕರಣಗಳ ಜೊತೆಗೇ ಒಳಗಿಟ್ಟು ತೆಗೆಯುತ್ತಾರೆ. ಆಮೇಲೆ ಬೆಚ್ಚಗಿಟ್ಟು ಕಾಯುತ್ತಾರೆ. ಅವನ ಬಳಿಯಿದ್ದ ಸೀಸೆಗಳಲ್ಲಿ ದ್ರವ ನೇರಳೆಯಾಗಿಯೇ ಉಳಿದರೆ ಎಲ್ಲ ಸತ್ತಿವೆ, ಹಳದಿಗೆ ತಿರುಗಿದರೆ ಬದುಕಿವೆ. ಇಷ್ಟು ಗಟ್ಟಿ ಜೀವಿಯೇ ಸತ್ತರೆ ಹೆಪಟೈಟಿಸ್, ಎಚ್‌ಐವಿ ಉಳಿಯುವ ಪ್ರಶ್ನೆಯಿಲ್ಲ. ಪರೀಕ್ಷೆಯ ಫಲಿತಾಂಶ ಬರೆದಿಟ್ಟ ಉದ್ದನೆಯ ನೋಟ್‌ಬುಕ್ಕನ್ನೂ ತೋರಿಸಿದ. ಗೋಡೆಯ ಹುಲಿಗಿಂತ ಆ ಪುಸ್ತಕ ನನಗೆ ಹೆಚ್ಚು ಇಷ್ಟವಾಯಿತು.

ಮಳೆಗಾಲದಲ್ಲಿ ಕಪಾಟಿಗೆ ತೇವ ಹಿಡಿದು ಪೌಚಿನ ಕಾಗದ ಒದ್ದೆಯಾದರೆ ಅದು ತೆರೆದ ಪೌಚಿಗೆ ಸಮ, ಮತ್ತೆ ಮೊದಲಿನಿಂದ ಶುದ್ಧಿ ಮಾಡಬೇಕು. ಆಟೋಕ್ಲೇವ್‌ಗೆ ಬೆಂಗಳೂರಿನ ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಗೀಸರಿಗೆ ಕಟ್ಟುವಂತೆ ಸುಣ್ಣ ಕಟ್ಟುತ್ತದೆ, ಡಿಸ್ಟಿಲ್ಡ್ ನೀರೇ ಬೇಕು.

ಎಲ್ಲಕ್ಕೂ ಒಂದೇ ಸಲದ ಸಾಮಾನು ಬಳಸುವ ಅಂಗಡಿಗೆ ಆಟೋಕ್ಲೇವ್ ಇಲ್ಲದಿದ್ದರೂ ನಡೆದೀತು. ನನ್ನ ಆಕ್ಷೇಪ ಇರುವುದು ನೀಲಿ ಬೆಳಕಿನ ಯುವಿ ಡಬ್ಬಿಯ ಮೇಲೆ. ಬ್ಯೂಟಿ ಪಾರ್ಲರ್‌ಗಳಲ್ಲಿ, ಹೇರ್ ಕಟಿಂಗ್ ಅಂಗಡಿಗಳಲ್ಲಿ ‘ಸ್ಟೆರಿಲೈಸರ್’ ಎಂಬ ಹೆಸರಿನಲ್ಲಿ ಕೂತಿರುತ್ತದಲ್ಲ, ಅದು. ಬೆಳಕು ಬಿದ್ದ ಮೇಲ್ಮೈಗಷ್ಟೇ ಅದರ ಪರಿಣಾಮ, ನೆರಳಿನಲ್ಲಿ, ನಳಿಗೆಯ ಒಳಗೆ ಏನೂ ಆಗುವುದಿಲ್ಲ. ಶುದ್ಧಿ ಮಾಡಿದ್ದನ್ನು ಇಡಲು ಅದು ಪೆಟ್ಟಿಗೆಯಾದೀತು, ಶುದ್ಧಿ ಮಾಡುವ ಯಂತ್ರವಾಗದು. ಶೇ 2ರ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಅದ್ದಿಡುವವರೂ ಇದ್ದಾರೆ. ಬೀಜಕಣ ಸಾಯಲು ಅದಕ್ಕೆ 10 ಗಂಟೆ ಬೇಕು. ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಕೂರುವ ಮಧ್ಯೆ ಅದ್ದಿ ತೆಗೆದರೆ ಏನೂ ಪ್ರಯೋಜನವಿಲ್ಲ.

ಸೂಜಿ, ಕೈಗವಸು ಎಲ್ಲ ಸರಿಯಿದ್ದೂ ಅನಾಹುತವಾದದ್ದುಂಟು. 2011ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹಚ್ಚೆ ಹಾಕಿಸಿಕೊಂಡ 19 ಜನರ ಚರ್ಮದ ಮೇಲೆ ಕೆಂಪು ಗುಳ್ಳೆಗಳೆದ್ದವು. ಮೈಕೊಬ್ಯಾಕ್ಟೀರಿಯಂ ಚೆಲೋನೆ ಎಂಬ, ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಕಾರಣ. ಕಲಾವಿದ ಶುಚಿತ್ವದ ನಿಯಮ ಪಾಲಿಸಿದ್ದ. ದೋಷ ಶಾಯಿಯಲ್ಲಿತ್ತು. ನೆರಳಿನ ಛಾಯೆಗೆಂದು ತಯಾರಕರೇ ಕಪ್ಪನ್ನು ತಿಳಿ ಮಾಡಿ ಮಾರಿದ್ದ ಬೂದು ಶಾಯಿ ಅದು. ತಿಳಿ ಮಾಡಲು ಬೆರೆಸಿದ ನೀರಿನ ಮೇಲೆಯೇ ಅನುಮಾನ ನಿಂತಿತು.

ಈ ಕಥೆ ನಮಗೆ ಬಹಳ ಹತ್ತಿರದ್ದು. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆ ಹಾಕಲು ಸಿಗುವ ನೀರೂ ಡಿಸ್ಟಿಲ್ಡ್ ನೀರೇ, ಅದರಲ್ಲಿ ಲವಣ ಇಲ್ಲ ಅಷ್ಟೇ. ಕ್ರಿಮಿ ಇಲ್ಲವೆಂದು ಯಾರೂ ಭರವಸೆ ಕೊಟ್ಟಿಲ್ಲ. ಆಟೋಕ್ಲೇವ್‌ಗೆ ಅದು ಸಾಕು, ಶಾಯಿಗೆ ಬೆರೆಸಲು ಇಂಜೆಕ್ಷನ್ನಿಗೆ ಬಳಸುವಂಥ ಕ್ರಿಮಿಶುದ್ಧ ನೀರೇ ಆಗಬೇಕು. ಔಷಧಿ ಅಂಗಡಿಯಲ್ಲಿ ಸಣ್ಣ ಸೀಸೆಯಲ್ಲಿ ಸಿಗುತ್ತದೆ, ಅಂಥ ದುಬಾರಿಯೂ ಅಲ್ಲ. ಶಾಯಿಯಲ್ಲೇ ಏನಿದೆ ಎಂಬ ಪ್ರಶ್ನೆ ಬೇರೆ. 2025ರ ಫೆಬ್ರುವರಿಯಲ್ಲಿ ಕರ್ನಾಟಕದ ಆರೋಗ್ಯ ಸಚಿವರಾಗಿದ್ದ ದಿನೇಶ್ ಗುಂಡೂರಾವ್, ಹಚ್ಚೆ ಶಾಯಿಯ ಪರೀಕ್ಷೆಯಲ್ಲಿ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಸೇರಿ 22 ಲೋಹಗಳು ಕಂಡಿವೆ ಎಂದು ತಿಳಿಸಿ, ಗುಣಮಟ್ಟ ನಿಗದಿಪಡಿಸಲು ಕೇಂದ್ರಕ್ಕೆ ಬರೆಯುವುದಾಗಿ ಹೇಳಿದ್ದರು. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿಯಿಂದ ಸಾವಿರಾರು ರಾಸಾಯನಿಕಗಳಿಗೆ ಮಿತಿ ಇದೆ. ಇಲ್ಲಿ ಆ ಕೆಲಸ ಬೇಗ ಆಗಬೇಕು.

ಕೆಲಸ ಮುಗಿದ ಮೇಲೆ ಸೂಜಿ ಎಲ್ಲಿಗೆ ಹೋಗುತ್ತದೆ? ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹರಿತ ವಸ್ತುಗಳಿಗೆ ಹೇಳಿರುವ ಬಣ್ಣ ಅದು. ಮುಕ್ಕಾಲು ತುಂಬುತ್ತಲೇ ಮುಚ್ಚಿ, ಆಸ್ಪತ್ರೆಗಳ ಕಸ ಒಯ್ಯುವವರಿಗೆ ಕೊಡಬೇಕು. ಮನೆ ಕಸದ ಕಪ್ಪು ಚೀಲಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೆ ಆ ಚೀಲ ಹಿಡಿಯುವ ಪೌರಕಾರ್ಮಿಕ ಮಹಿಳೆಯ ಕೈಗೆ ಆ ಸೂಜಿ ಚುಚ್ಚುತ್ತದೆ. ರೋಗವಿರುವವರಿಗೆ ಬಳಸಿದ ಸೂಜಿ ಲಸಿಕೆ ಇಲ್ಲದವರಿಗೆ ಒಮ್ಮೆ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ 6ರಿಂದ 30. ಬಳ್ಳಿ ಬೇಕೆಂದವರು ನಾವು, ಪೆಟ್ಟು ಅವಳಿಗೆ. ಈ ಬಿಳಿ ಡಬ್ಬಿ ಇಲ್ಲದ ಅಂಗಡಿ, ಚಿತ್ರ ಎಷ್ಟೇ ಚೆನ್ನಾಗಿ ಬಿಡಿಸಲಿ, ನನ್ನ ಲೆಕ್ಕದಲ್ಲಿ ಅಂಗಡಿಯೇ ಅಲ್ಲ. ಹಚ್ಚೆ ಹಾಕುವವರೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸಿಕೊಂಡಿರಬೇಕು. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಜಾತ್ರೆಯ ಬಯಲಲ್ಲಿ ಬ್ಯಾಟರಿಗೆ ಯಂತ್ರ ಕಟ್ಟಿಕೊಂಡು ಕೂತವರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಎಷ್ಟೋ ಜನ ಅಜ್ಜಿಯ ಕೈಗೆ ಬಳ್ಳಿ ಹಬ್ಬಿಸಿದಂಥ ತಾಯಂದಿರ ಮಕ್ಕಳೇ. ಆದರೆ ಒಂದೇ ಸೂಜಿ, ಒಂದೇ ಶಾಯಿಯ ಬಟ್ಟಲು, ಡೆಟಾಲ್ ಬೆರೆಸಿದ ಒಂದು ಲೋಟ ನೀರು, ಎದುರಿಗೆ ಸಾಲುಗಟ್ಟಿದ ಹುಡುಗರು. ಇದು ನಡೆಯಬಾರದು. ಪಂಚಾಯಿತಿ, ಆರೋಗ್ಯ ಇಲಾಖೆ, ದೇವಸ್ಥಾನ ಸಮಿತಿಯವರು ಸೇರಿ ಆ ಕಸುಬುದಾರರಿಗೆ ಪೊಟ್ಟಣದ ಸೂಜಿಯನ್ನೂ ಬಿಳಿ ಡಬ್ಬಿಯನ್ನೂ ಒದಗಿಸಿ, ಒಂದು ದಿನ ಕೂರಿಸಿ ಕಲಿಸಿದರೆ ಅವರ ಹೊಟ್ಟೆಪಾಡೂ ಉಳಿಯುತ್ತದೆ.

ನಮ್ಮ ಹುಡುಗಿಯ ಬಳ್ಳಿ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಏಳುವಾಗ ಅವನು ಒಂದು ಮಾತು ನೆನಪಿಸಿದ: ಇನ್ನು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ದೇಶದ ರಕ್ತನಿಧಿಗಳ ನಿಯಮ ಅದು. ಸೋಂಕು ಬಂದಿದ್ದರೂ ಮೊದಮೊದಲು ಪರೀಕ್ಷೆಯಲ್ಲಿ ಕಾಣದಿರಬಹುದೆಂಬ ಎಚ್ಚರಿಕೆಗಾಗಿ. ಅವಳು ಕಾಲೇಜಿನ ಶಿಬಿರದಲ್ಲಿ ರಕ್ತ ಕೊಡುವವಳು, ಮುಂದಿನ ವರ್ಷದ ತಾರೀಖನ್ನು ಫೋನಿನಲ್ಲಿ ಗುರುತು ಹಾಕಿಕೊಂಡಳು.

ನೀವೂ ಹಚ್ಚೆ ಹಾಕಿಸಿಕೊಳ್ಳುವವರಿದ್ದರೆ, ಮನೆಯ ಮಕ್ಕಳು ಹಟ ಹಿಡಿದಿದ್ದರೆ, ಕಪಾಟು ತೆಗೆಸಿ ನೋಡಿ, ಸಂಕೋಚ ಬೇಡ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಲು ಹೇಳಿ. ಖಾಲಿ ಪೊಟ್ಟಣವನ್ನು ಎಸೆಯುವ ಮುಂಚೆ ಅದರ ಲಾಟ್ ಸಂಖ್ಯೆ ಮತ್ತು ತಾರೀಖಿನ ಫೋಟೊ, ಶಾಯಿಯ ಬಾಟಲಿಯ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಚರ್ಮಕ್ಕೆ ಏನಾದರೂ ಆದರೆ ವೈದ್ಯರು ಮೊದಲು ಕೇಳುವುದು ಅವನ್ನೇ.