ಗುಂಯ್‌ಗುಡುವ ಸ್ಪೀಕರಿಗೆ ಪುಟ್ಟ ಪೆಟ್ಟಿಗೆ

ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಕೀಬೋರ್ಡ್ ನುಡಿಸಲು ಕುಳಿತಾಗ ಸ್ಪೀಕರ್ ಗುಂಯ್ ಎನ್ನುವುದುಂಟು. ಆಗ ಕೆಲವರು ಪ್ಲಗ್ಗಿನ ದಪ್ಪನೆಯ ಅರ್ಥ್ ಪಿನ್ನನ್ನೇ ಕಿತ್ತುಬಿಡುತ್ತಾರೆ. ಸದ್ದು ನಿಲ್ಲಬಹುದು. ಆದರೆ ಉಪಕರಣದಲ್ಲಿ ವಿದ್ಯುತ್ ಸೋರಿದರೆ ಮುಟ್ಟಿದವರ ಪ್ರಾಣಕ್ಕೇ ಅಪಾಯ.

ಇದಕ್ಕೆ ಸರಿಯಾದ ಸಾಧನ ಡಿ.ಐ. ಬಾಕ್ಸ್. ವಾದ್ಯಕ್ಕೂ ಮಿಕ್ಸರಿಗೂ ನಡುವೆ ಜೋಡಿಸುವ ಈ ಪೆಟ್ಟಿಗೆಯಿಂದ ವಾದ್ಯದ ಧ್ವನಿ ಮೈಕಿನ ಮೂರು ಪಿನ್ನಿನ ಕೇಬಲ್ಲಿನಲ್ಲಿ ಸಾಗುತ್ತದೆ. ಕೇಬಲ್ ಉದ್ದವಾದರೂ ಹೊರಗಿನ ಸದ್ದು ಸೇರುವುದು ಕಡಿಮೆ. ಇದರ 'ಗ್ರೌಂಡ್ ಲಿಫ್ಟ್' ಸ್ವಿಚ್ ಧ್ವನಿಯ ಕೇಬಲ್ಲಿನ ಅರ್ಥನ್ನಷ್ಟೇ ಬಿಡಿಸುತ್ತದೆ. ಗೋಡೆಯ ಪ್ಲಗ್ಗಿನ ರಕ್ಷಣೆ ಹಾಗೆಯೇ ಉಳಿಯುತ್ತದೆ.

ಕೊಳ್ಳುವಾಗ ಬೆಲೆಗಿಂತ ಮೊದಲು ವಾದ್ಯವನ್ನು ನೋಡಿ. ಕೀಬೋರ್ಡ್, ಲ್ಯಾಪ್‌ಟಾಪ್‌ಗಳಿಂದ ಬರುವ ಧ್ವನಿ ಬಲವಾಗಿರುತ್ತದೆ. ಅವಕ್ಕೆ ವಿದ್ಯುತ್ತೇ ಬೇಡದ 'ಪ್ಯಾಸಿವ್' ಬಾಕ್ಸ್ ಸಾಕು. ಒಳಗೆ ಬ್ಯಾಟರಿಯಿಲ್ಲದ ಗಿಟಾರಿನ ಧ್ವನಿ ಕ್ಷೀಣ. ಅದಕ್ಕೆ 'ಆ್ಯಕ್ಟಿವ್' ಬಾಕ್ಸ್ ಒಳ್ಳೆಯದು. ಬೆಹ್ರಿಂಗರ್‌ನ ಡಿಐ100 ಈ ಬಗೆಯ ಅಗ್ಗದ ಮಾದರಿ. ಅದು ಬ್ಯಾಟರಿಯಿಂದಲೂ ನಡೆಯುತ್ತದೆ, ಮಿಕ್ಸರ್ ಕೊಡುವ 48 ವೋಲ್ಟ್ 'ಫ್ಯಾಂಟಮ್ ಪವರ್'ನಿಂದಲೂ ನಡೆಯುತ್ತದೆ.

ಕೀಬೋರ್ಡಿಗೆ ಎರಡು ಬಾಕ್ಸ್ ಬೇಕೆಂದು ಅಂಗಡಿಯವರು ಹೇಳಿದರೆ ಅವಸರ ಬೇಡ. ಹೆಚ್ಚಿನವುಗಳಲ್ಲಿ 'ಮೋನೊ' ಎಂದು ಬರೆದ ತೂತು ಇರುತ್ತದೆ. ಅದನ್ನು ಬಳಸಿದರೆ ಒಂದೇ ಸಾಕು. ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರ ಆಡಿಯೊ ಇಂಟರ್‌ಫೇಸ್‌ನಲ್ಲಿ 'ಇನ್‌ಸ್ಟ್ರುಮೆಂಟ್' ಎಂಬ ಜಾಗವಿದ್ದರೆ ಗಿಟಾರನ್ನು ನೇರವಾಗಿ ಅಲ್ಲಿಗೇ ಜೋಡಿಸಬಹುದು. ಆಗ ಬಾಕ್ಸಿನ ಖರ್ಚೇ ಇಲ್ಲ.

ಉಳಿದ ಹಣದಲ್ಲಿ ಗಟ್ಟಿಯಾದ ಕೇಬಲ್ ಕೊಳ್ಳಿ. ಗ್ರೌಂಡ್ ಲಿಫ್ಟ್ ಸ್ವಿಚ್ ಇಲ್ಲದ ಬಾಕ್ಸನ್ನು ಮಾತ್ರ, ಎಷ್ಟೇ ಅಗ್ಗವಾದರೂ, ಮನೆಗೆ ತರಬೇಡಿ.